ಫೋಟೋದಿಂದ ಭಾವನನ್ನು ತೆಗೆಯುವ ಕೆಲಸ

ಒಬ್ಬರಿಗೆ ಎರಡು ಗಲ್ಲದಲ್ಲಿ ಒಂದು ಬೇಡ. ಇನ್ನೊಬ್ಬರಿಗೆ ಬೋಳುತಲೆಯ ಮೇಲೆ ನಾಲ್ಕು ಎಳೆ ಕೂದಲು ಬೇಕು. ಮತ್ತೊಬ್ಬರಿಗೆ ಮೂಗು ಅವರಪ್ಪನ ಮೂಗಿನ ಹಾಗೆ ಕಾಣಬಾರದು. ಸ್ಟುಡಿಯೋ ಬಾಗಿಲು ತೆಗೆದ ದಿನದಿಂದ ಅವಳು ಇಂಥದ್ದನ್ನೆಲ್ಲ ಕೇಳಿಸಿಕೊಂಡು ಕೇಳಿಸಿಕೊಂಡು ಕಿವಿ ಗಟ್ಟಿ ಮಾಡಿಕೊಂಡಿದ್ದಳು. ಎಲ್ಲರಿಗೂ ಆಯಿತು ಅನ್ನುವುದು, ಅರ್ಧ ಮಾಡುವುದು, ಮಿಕ್ಕ ಅರ್ಧ ಮಾಡಿದ್ದೇನೆ ಅಂತ ನಂಬಿಸುವುದು. ಮುಖದ ಕಸುಬು ನಡೆಯುವುದೇ ಹಾಗೆ.

ಆದರೆ ಇಡೀ ಗಂಡನನ್ನೇ ಅಳಿಸಿಕೊಡು ಅಂತ ಕೇಳಿದವಳು ಒಬ್ಬಳೇ. ಗಿರಾಕಿಯಾಗಿದ್ದರೆ ಆಗಲ್ಲ ಅಂದು ಕಳಿಸಿಬಿಡಬಹುದಿತ್ತು. ಬಂದವಳು ಒಡಹುಟ್ಟಿದ ಅಕ್ಕ. ಆ ಅಕ್ಕನಿಗೆ ಆಗಲ್ಲ ಅಂದು ಬಚಾವಾದವರನ್ನು ತಂಗಿ ಇದುವರೆಗೆ ಕಂಡಿಲ್ಲ.

ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ಒಂದು ವಾರ್ಡಿಗೆ ಹೆಡ್ ನರ್ಸ್. ಹೊಸ ಡಾಕ್ಟರುಗಳು ಅವಳನ್ನು ಕಂಡರೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ತಂಗಿಗೆ ಐವತ್ತು ದಾಟಿದೆ, ಓದುವ ಕನ್ನಡಕ ಬಂದಿದೆ, ಮಂಡಿ ನೋವು ಶುರುವಾಗಿದೆ, ಆದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿ. ಗಿರಾಕಿಗಳ ಎದುರಿಗೂ ಪುಟ್ಟಿ.

ಅಕ್ಕನೂ ಭಾವನೂ ಬೇರೆಯಾಗಿ ಎರಡು ವರ್ಷವಾಗಿತ್ತು. ಇನ್ನೊಂದು ಹೆಣ್ಣಿನ ಕಥೆಯಲ್ಲ, ಕುಡಿತದ ಕಥೆಯೂ ಅಲ್ಲ. ಅಮ್ಮ ಕೊನೆಗೆ ಅಕ್ಕನ ವಾರ್ಡಿನಲ್ಲೇ ತಿಂಗಳುಗಟ್ಟಲೆ ಮಲಗಿದ್ದಳು. ಭಾವ ಒಂದು ಸಲವೂ ನೋಡಲು ಬರಲಿಲ್ಲ. ಅತ್ತೆಯ ಜೊತೆ ಇಷ್ಟು ವರ್ಷ ಹರಟೆ ಹೊಡೆದು, ನಗಿಸಿ, ಮಗನಿಗಿಂತ ಹೆಚ್ಚು ಅನ್ನಿಸಿಕೊಂಡಿದ್ದ ಮನುಷ್ಯ, "ಅವರನ್ನ ಹಾಗೆ ಮಲಗಿರೋದು ನೋಡೋಕೆ ನನ್ನ ಕೈಲಿ ಆಗಲ್ಲ" ಅಂದರು. "ನನ್ನ ಕೈಲಿ ಆಗುತ್ತಾ?" ಅಂದಳು ಅಕ್ಕ. ಅಲ್ಲಿ ಶುರುವಾದ ಜಗಳ ಅಮ್ಮ ಹೋದ ಮೇಲೂ ನಿಲ್ಲಲಿಲ್ಲ, ಕೊನೆಗೆ ಮಾತೇ ನಿಂತುಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ಬಡವಾಗುವ ಸರದಿ ತಂಗಿಗೆ ಬಂತು.

ಅಕ್ಕ ಈಗ ಚಿಕ್ಕ ಮನೆಯೊಂದಕ್ಕೆ ಒಬ್ಬಳೇ ಹೋಗಿದ್ದಳು. ಮುಂದಿನ ಕೋಣೆಯಲ್ಲಿ ಒಂದು ಖಾಲಿ ಗೋಡೆ ಇತ್ತು. ಅಲ್ಲಿ ಅಮ್ಮ ಬೇಕು. ಎಂಥ ಅಮ್ಮನಾದರೂ ನಡೆಯುವುದಿಲ್ಲ, ನಗುವ ಅಮ್ಮ ಬೇಕು.

ಮಗಳೇ ಫೋಟೋಗ್ರಾಫರ್ ಆದ ಮೇಲೆ ಅಮ್ಮನ ಫೋಟೋಗಳಿಗೇನೂ ಬರವಿರಲಿಲ್ಲ. ಆದರೆ ಕ್ಯಾಮೆರಾ ಕಂಡ ಕೂಡಲೇ ಅಮ್ಮ ತುಟಿ ಬಿಗಿದು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವಳ ಹಾಗೆ ಕೂತುಬಿಡುತ್ತಿದ್ದಳು. ಫೋನುಗಳಲ್ಲಿ ಇದ್ದದ್ದಂತೂ ಕೇಳುವುದೇ ಬೇಡ. ಒಂದರಲ್ಲಿ ಅಮ್ಮನಿಗಿಂತ ಯಾರದೋ ಹೆಬ್ಬೆರಳು ದೊಡ್ಡದು, ಒಂದರಲ್ಲಿ ಕಣ್ಣು ಅರ್ಧ ಮುಚ್ಚಿದೆ, ಒಂದರಲ್ಲಿ ಬಾಯಿ ತುಂಬ ತುತ್ತು. ರಾಶಿ ರಾಶಿ ಇದ್ದರೂ ಗೋಡೆಗೆ ಹಾಕಲು ಒಂದೂ ಇಲ್ಲ.

ಅಮ್ಮ ನಕ್ಕಿದ್ದು ಒಂದೇ ಒಂದರಲ್ಲಿ. ಅದು ಫಿಲ್ಮಿನ ಕಾಲದಲ್ಲಿ, ಇದೇ ಸ್ಟುಡಿಯೋದಲ್ಲಿ, ತಂಗಿ ಹೊಸದಾಗಿ ದೊಡ್ಡ ದೀಪ ತಂದಾಗ, ಮನೆಯವರನ್ನೇ ಮೊದಲು ಕೂರಿಸಿ ತೆಗೆದದ್ದು. ಮಧ್ಯೆ ಕುರ್ಚಿಯಲ್ಲಿ ಅಮ್ಮ, ಹಿಂದೆ ಕಡುನೀಲಿ ಬಟ್ಟೆಯಲ್ಲಿ ಅಕ್ಕ, ಅಮ್ಮನ ಪಕ್ಕಕ್ಕೆ ಸ್ಟೂಲಿನ ಮೇಲೆ ಭಾವ. ತಂಗಿ "ರೆಡಿ" ಅನ್ನುವ ಹೊತ್ತಿಗೆ ಸರಿಯಾಗಿ ಭಾವ ಅಮ್ಮನ ಕಡೆ ಬಾಗಿ ಏನೋ ಪಿಸುಗುಟ್ಟಿದರು. ಅಮ್ಮ ಅವರ ಕಡೆ ತಿರುಗಿ, ಎದೆಯ ಮೇಲೆ ಕೈ ಇಟ್ಟುಕೊಂಡು, ಇದ್ದ ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಕ್ಯಾಮೆರಾ ಇದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಆಗ ತೆಗೆದದ್ದು.

"ಅಮ್ಮ ಇರಲಿ, ನಾನಿರಲಿ. ಆ ಮನುಷ್ಯ ಬೇಡ," ಅಂದಳು ಅಕ್ಕ. "ದೊಡ್ಡದಾಗಿ ಮಾಡಿ ಕೊಡು. ಭಾನುವಾರದೊಳಗೆ."

ಯಾವ ಭಾನುವಾರ ಅಂತ ಅವಳು ಹೇಳಲಿಲ್ಲ, ಹೇಳದೇ ಇದ್ದದ್ದು ಒಳ್ಳೆಯದೇ ಆಯಿತು.

ಹಾವು ಸಾಯಬೇಕು, ಕೋಲು ಮುರಿಯಬಾರದು. ತಂಗಿ ಭಾವನನ್ನು ಅಳಿಸಿ, ಆ ಜಾಗಕ್ಕೆ ಹಿಂದಿನ ಬೂದು ಪರದೆಯನ್ನು ಎಳೆದು, ನೆರಿಗೆಗೆ ನೆರಿಗೆ ಕೂಡಿಸಿದಳು. ಕೆಲಸ ಅಚ್ಚುಕಟ್ಟಾಗಿ ಬಂದಿತ್ತು. ಅಕ್ಕನ ಫೋನಿಗೆ ಕಳಿಸಿದಳು. ಮಧ್ಯಾಹ್ನ ಡ್ಯೂಟಿಯ ನಡುವೆ ಅಕ್ಕನ ಧ್ವನಿ ಬಂತು, ಹಿಂದೆ ಟ್ರಾಲಿ ಉರುಳುವ ಸದ್ದು. "ಅಮ್ಮ ಪರದೆ ನೋಡಿ ನಗ್ತಿದ್ದಾಳೆ ಪುಟ್ಟಿ. ಪರದೆ ನೋಡಿ ಹೀಗೆ ನಗೋರಿಗೆ ನಮ್ಮಲ್ಲಿ ಬೇರೆ ಮಹಡಿ ಇದೆ."

ಸರಿ, ಪರದೆ ಬೇಡ. ತಂಗಿ ಅಲ್ಲೊಂದು ಮೇಜು ಇಟ್ಟು, ಮೇಲೊಂದು ಹೂದಾನಿ ಇಟ್ಟಳು. ಹೂವು ಆರಿಸುವುದಕ್ಕೇ ಅರ್ಧ ಬೆಳಗು ಹಾಳಾಯಿತು. ಹೊರಗೆ ಪಾಸ್‌ಪೋರ್ಟ್ ಫೋಟೋಗೆ ಬಂದವರೊಬ್ಬರು ಗಡಿಯಾರ ನೋಡಿ ನೋಡಿ, ಕೆಮ್ಮಿ, ಎದ್ದು ಹೋದರು. ಅಕ್ಕನ ಉತ್ತರ ಚಿಕ್ಕದಾಗಿತ್ತು. "ಹೂದಾನಿ ಏನಂತ ಜೋಕ್ ಹೇಳ್ತು?"

ಬರೀ ಅಮ್ಮನ ಮುಖ ಕತ್ತರಿಸಿ ಕಳಿಸಿದಾಗ, ಮೂಲೆಯಲ್ಲಿ ಭಾವನ ಭುಜದ ಚೂರು ಕಂಡಿತು. ಭುಜ ಅಳಿಸಿದರೆ ಅಮ್ಮನ ನೋಟ ಚೌಕಟ್ಟಿನ ಆಚೆಗೆ ಹೋಗುತ್ತಿತ್ತು.

"ಆಚೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ," ಅಂದಳು ಅಕ್ಕ ಫೋನಿನಲ್ಲಿ.

"ಇದ್ರೆ ಇರಲಿ. ಯಾರು ಅಂತ ನೋಡಿದವರಿಗೆ ಹೇಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

"ಅಕ್ಕ, ಬೇರೆ ಫೋಟೋ ಹಾಕು. ಅಮ್ಮನ ಅರವತ್ತನೇ ವಯಸ್ಸಿಂದು ಒಂದು ಇದೆ, ಚೆನ್ನಾಗಿದೆ, ನೇರ ಕೂತಿದ್ದಾಳೆ."

"ಅದರಲ್ಲಿ ನನ್ನ ಮೇಲೆ ಏನೋ ಸಿಟ್ಟು ಬಂದಿರೋ ಹಾಗೆ ಕೂತಿದ್ದಾಳೆ. ದಿನಾ ಬೆಳಗ್ಗೆ ಎದ್ದು ಅದನ್ನ ನೋಡ್ಲಾ?"

ಫೋನು ಇಟ್ಟ ಮೇಲೆ ತಂಗಿ ತಲೆಯ ಮೇಲೆ ಕೈ ಹೊತ್ತು ಕೂತಳು. ಅಂಗಡಿಯಲ್ಲಿ ಅಕ್ಕನ ಫೋಟೋ ಬಿಟ್ಟು ಬೇರೆ ಎಲ್ಲ ಕೆಲಸವೂ ನಿಂತಿತ್ತು. ಒಂದು ಶಾಲೆಯ ಇಡೀ ತರಗತಿಯ ಗ್ರೂಪ್ ಫೋಟೋ ಬಾಕಿ ಇತ್ತು, ಅದರಲ್ಲಿ ಕಣ್ಣು ಮುಚ್ಚಿದ ಹನ್ನೊಂದು ಮಕ್ಕಳಿಗೆ ಕಣ್ಣು ತೆರೆಸಬೇಕಿತ್ತು. ಭಾವನ ಮೇಲೂ ಅವಳಿಗೆ ಸಿಟ್ಟು ಬಂತು. ಒಂದು ದಿನ, ಒಂದೇ ಒಂದು ದಿನ, ಆಸ್ಪತ್ರೆಗೆ ಬಂದು ಬಾಗಿಲಲ್ಲಿ ನಿಂತು ಹೋಗಿದ್ದರೆ ಈ ಮಹಾರಾಯರ ಗಂಟೇನು ಹೋಗುತ್ತಿತ್ತು? ಇವರು ಅಲ್ಲಿಗೆ ಹೋಗಲಿಲ್ಲ ಅಂತ ಈಗ ಇವಳು ಇಲ್ಲಿ ಹೂದಾನಿ ಹುಡುಕಬೇಕು.

ವಾರದ ಕೊನೆಗೆ ಅಕ್ಕ ತಾನೇ ಬಂದಳು. ರಜೆ ಹಾಕಿ ಬಂದಿದ್ದಳು, ಅಂದರೆ ತೀರ್ಮಾನ ಮಾಡಿಕೊಂಡೇ ಬಂದಿದ್ದಳು. ಗಿರಾಕಿಗಳನ್ನು ಕೂರಿಸುವ ಸ್ಟೂಲನ್ನು ಎಳೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ತಂಗಿಯ ಪಕ್ಕಕ್ಕೆ ಕೂತಳು.

"ನನ್ನನ್ನ ಹಿಂದಿನಿಂದ ತೆಗೆದು ಆ ಜಾಗದಲ್ಲಿ ಕೂರಿಸು," ಅಂದಳು.

"ಎಲ್ಲಿ?"

"ಅಮ್ಮ ಎಲ್ಲಿ ನೋಡ್ತಿದ್ದಾಳೋ ಅಲ್ಲಿ."

ತಂಗಿ ಕುರ್ಚಿಯನ್ನು ಕಂಪ್ಯೂಟರಿಗೆ ಹತ್ತಿರ ಎಳೆದುಕೊಂಡಳು. ಮಾತಾಡಿದರೆ ಜಗಳ, ಮಾಡಿ ತೋರಿಸಿದರೆ ಅವಳಿಗೇ ತಿಳಿಯುತ್ತದೆ ಅಂತ ಅವಳ ಲೆಕ್ಕ. ಹಿಂದೆ ನಿಂತಿದ್ದ ಅಕ್ಕನನ್ನು ಸುತ್ತಲೂ ಕತ್ತರಿಸಿ, ಸೊಂಟದವರೆಗೆ ಇಳಿಸಿ, ಅಮ್ಮನ ಪಕ್ಕಕ್ಕೆ ತಂದಳು. ನಿಜವಾದ ಅಕ್ಕ ಪಕ್ಕದಲ್ಲಿ ಕೂತು ಹುಕುಂ ಕೊಡುತ್ತಲೇ ಇದ್ದಳು. ಸ್ವಲ್ಪ ಈ ಕಡೆ. ಅಷ್ಟಲ್ಲ. ತಲೆ ಒಂಚೂರು ಕೆಳಗೆ. ನನ್ನ ಕಿವಿ ಅಷ್ಟು ದೊಡ್ಡದಿತ್ತಾ? ಇತ್ತು ಅಂದಳು ತಂಗಿ, ಆ ಒಂದು ಮಾತಲ್ಲಿ ಅವಳಿಗೆ ಸ್ವಲ್ಪ ಸಮಾಧಾನ ಸಿಕ್ಕಿತು.

ಕೆಲಸ ಮುಗಿಯಿತು. ಇಬ್ಬರೂ ನೋಡಿದರು. ಅಮ್ಮ ಪಕ್ಕಕ್ಕೆ ತಿರುಗಿ ಮನಸಾರೆ ನಗುತ್ತಿದ್ದಾಳೆ. ಪಕ್ಕದಲ್ಲಿ ಅಕ್ಕ ವಾರ್ಡಿನ ರೌಂಡಿಗೆ ಹೊರಟವಳ ಹಾಗೆ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾಳೆ.

"ಅಮ್ಮ ನನ್ನನ್ನ ಗೇಲಿ ಮಾಡ್ತಿರೋ ಹಾಗಿದೆ," ಅಂದಳು ಅಕ್ಕ.

"ಹೂಂ."

"ಇನ್ನೂ ಏನೋ ಸರಿಯಿಲ್ಲ. ಅಮ್ಮನ ಮುಖ ಎಲ್ಲಿಂದಲೋ ತಂದು ಅಂಟಿಸಿದ ಹಾಗೆ ಕಾಣುತ್ತೆ. ಅದನ್ನ ನೀನು ಮುಟ್ಟೇ ಇಲ್ಲ, ಆದ್ರೂ ಹಾಗೆ ಕಾಣುತ್ತೆ. ನಿನಗೆ ಕೆಲಸ ಬರುತ್ತೆ ಅಂದ್ಕೊಂಡಿದ್ದೆ ಪುಟ್ಟಿ."

ಅಷ್ಟು ಸಾಕಾಯಿತು. ಪರದೆ, ಹೂದಾನಿ, ಭುಜ, ಕಿವಿ, ಎಲ್ಲವನ್ನೂ ಸಹಿಸಿಕೊಂಡಿದ್ದಳು. ಕಸುಬಿನ ಬುಡಕ್ಕೇ ಕೈ ಹಾಕಿದರೆ ಯಾರು ಸುಮ್ಮನಿರುತ್ತಾರೆ? ತಂಗಿ ಮೌಸ್ ಕುಕ್ಕಿ, ಹಳೆಯ ಫೋಟೋವನ್ನು ಪಕ್ಕಕ್ಕೆ ತೆರೆದು, ಅಮ್ಮನ ಮುಖವನ್ನು ಕಂಪ್ಯೂಟರಿನ ತುಂಬ ದೊಡ್ಡದು ಮಾಡಿದಳು.

"ದೀಪ ಎಲ್ಲಿತ್ತು ಹೇಳು. ಅಮ್ಮನ ಬಲಗಡೆ. ಅಮ್ಮ ಯಾವ ಕಡೆ ತಿರುಗಿದ್ದಾಳೆ? ಎಡಗಡೆ. ದೀಪಕ್ಕೆ ಬೆನ್ನು ಹಾಕಿರೋ ಮುಖ ಹೇಗಿರಬೇಕು?"

"ಕಪ್ಪಾಗಿರಬೇಕು."

"ಕಪ್ಪಾಗಿದೆಯಾ?"

ಅಕ್ಕ ನೋಡಿದಳು. ಅಮ್ಮನ ಕೆನ್ನೆ, ಗಲ್ಲದ ಕೆಳಗಿನ ಮಡಿಕೆ, ನಕ್ಕು ಸಣ್ಣಗಾದ ಕಣ್ಣಿನ ಸುತ್ತ, ಎಲ್ಲ ಕಡೆ ಮೆತ್ತನೆ ಬೆಳಕಿತ್ತು.

"ಅದು ನನ್ನ ದೀಪದ್ದಲ್ಲ," ಅಂದಳು ತಂಗಿ. "ಭಾವನ ಅಂಗೀದು. ಎಲ್ಲರೂ ಕಡು ಬಣ್ಣ ಹಾಕ್ಕೊಂಡು ಬನ್ನಿ, ಬಿಳಿ ಮಾತ್ರ ಬೇಡ ಅಂತ ನಾನು ಬಾಯಿ ಬಡ್ಕೊಂಡಿದ್ದೆ. ನೀನು ಕಡುನೀಲಿ ಹಾಕಿದೆ. ಈ ಮಹಾನುಭಾವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ಬಂದ್ರು. ಅವತ್ತು ನಾನು ಎಷ್ಟು ಕೂಗಾಡಿದೆ, ನೆನಪಿದೆಯಾ? ಬಿಳಿ ಬಟ್ಟೆಗೆ ದೀಪ ಬಿದ್ರೆ ಅದು ಪಕ್ಕದವರ ಮುಖಕ್ಕೆ ಬೆಳಕು ಹೊಡೆಯುತ್ತೆ, ನಾನು ಇಟ್ಟ ನೆರಳೆಲ್ಲ ಹಾಳು. ಹಾಳೇ ಆಯ್ತು, ಅದಕ್ಕೇ ಅಮ್ಮ ಇಷ್ಟು ಚೆನ್ನಾಗಿ ಬಂದಿದ್ದಾಳೆ. ಈಗ ಆ ಜಾಗದಲ್ಲಿ ಕಡುನೀಲಿ ಬಟ್ಟೆ ಕೂರಿಸಿದ್ರೆ ಬೆಳಕು ಎಲ್ಲಿಂದ ಬಂತು ಅಂತ ಕಣ್ಣು ಕೇಳದೇ ಇರುತ್ತಾ? ನೀನು ಅವರನ್ನ ಸಾವಿರ ಸಲ ಅಳಿಸು. ಅವರ ಬೆಳಕು ಅಮ್ಮನ ಮುಖದ ಮೇಲೆ ಕೂತಿದೆ."

ಅಕ್ಕನ ಮೂಗು ಕೆಂಪಾಯಿತು. ಅವಳು ಸೋಲುವವಳಲ್ಲ. "ಹಾಗಾದ್ರೆ ಆ ಬೆಳಕೂ ತೆಗಿ," ಅಂದಳು.

ತಂಗಿಗೂ ಹಟ ಬಂದಿತ್ತು. ತೆಗೆಯುತ್ತೇನೆ, ನೋಡು. ಕೆನ್ನೆಯ ಬೆಳಕು ಇಳಿಸಿದಳು, ಗಲ್ಲದ ಕೆಳಗೆ ನೆರಳು ತುಂಬಿದಳು, ಕಣ್ಣಿನ ಗುಳಿ ಕಪ್ಪು ಮಾಡಿದಳು. ಕೈ ಪಳಗಿದ ಕೈ, ಒಂದೊಂದೇ ಸರಿಯಾಗಿ ಕೂತಿತು. ಬಾಯಿ ಹಾಗೇ ತೆರೆದಿತ್ತು, ಹಲ್ಲು ಹಾಗೇ ಕಾಣುತ್ತಿದ್ದವು, ಎದೆಯ ಮೇಲೆ ಕೈ ಹಾಗೇ ಇತ್ತು. ಆದರೆ ಮುಖ ಬಾಡಿ ಒಳಗೆ ಹೋಯಿತು. ಈಗ ಅಮ್ಮ ನಗುತ್ತಿರಲಿಲ್ಲ, ಉಸಿರಿಗೆ ಕಷ್ಟಪಡುತ್ತಿದ್ದಳು. ಕೊನೆಯ ತಿಂಗಳುಗಳಲ್ಲಿ ಹಾಸಿಗೆಯ ಮೇಲೆ ಹೇಗಿದ್ದಳೋ ಹಾಗೇ.

"ಬೇಡ," ಅಂದಳು ಅಕ್ಕ. "ಬೇಡ ಪುಟ್ಟಿ. ವಾಪಸ್ ಹಾಕು."

ತಂಗಿ ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆದಳು. ಮುಖ ಮತ್ತೆ ಬೆಳಗಿತು. ಪಕ್ಕದಲ್ಲಿ ಭಾವ ಬಿಳಿ ಅಂಗಿ ಹಾಕಿಕೊಂಡು ಮತ್ತೆ ಬಂದು ಕೂತರು. ಈ ಸಲ ಅಕ್ಕ ಅವರನ್ನು ಬೈಯಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು, ಗಿರಾಕಿಗಳು ಕ್ಲಿಕ್ಕಿಗೆ ಕಾಯುವ ಹಾಗೆ ಕೂತಿದ್ದಳು.

"ಅವಳು ನನ್ನನ್ನ ನೋಡಿ ಹೀಗೆ ನಕ್ಕಿದ್ದು ನನಗೆ ನೆನಪಿಲ್ಲ," ಅಂದಳು. "ಅಷ್ಟು ತಿಂಗಳು ಅವಳ ಪಕ್ಕದಲ್ಲೇ ಇದ್ದೆ. ಡ್ರಿಪ್ ನೋಡಿದೆ, ಬಿಪಿ ನೋಡಿದೆ, ಬೆನ್ನಲ್ಲಿ ಹುಣ್ಣಾಗಿದೆಯಾ ಅಂತ ದಿನಾ ನೋಡಿದೆ. ಮುಖ ನೋಡಿದ್ದೇ ನೆನಪಿಲ್ಲ ಪುಟ್ಟಿ. ಆಮೇಲೆ ನೋಡೋಣ, ಈಗ ಇಷ್ಟು ಕೆಲಸ ಮುಗಿಸೋಣ ಅಂತಲೇ ಆಗೋಯ್ತು. ಆ ಮನುಷ್ಯ ಒಂದು ದಿನಾನೂ ಬರಲಿಲ್ಲ, ಅವರಿಗೆ ನೋಡು, ಈ ಮುಖ ಸಿಕ್ಕಿದೆ. ಕಣ್ಣು ಮುಚ್ಚಿದ್ರೆ ಅವರಿಗೆ ಇದು ಬರುತ್ತೆ. ನನಗೆ ಬಾಟಲಿ ಬರುತ್ತೆ."

ತಂಗಿಯ ಸಿಟ್ಟು ಇಳಿಯಲಿಲ್ಲ, ನೆತ್ತಿಗೇರಿತು. ಇಷ್ಟನ್ನು ಬಾಯಿ ಬಿಟ್ಟು ಹೇಳುವುದಕ್ಕೆ ಇಷ್ಟು ದಿನ ಬೇಕಾಯಿತೇ? ಮೊದಲೇ ಹೇಳಿದ್ದರೆ ಇವಳ ಗಂಟಲಲ್ಲೂ ಎಷ್ಟೋ ಕಾಲದಿಂದ ಸಿಕ್ಕಿಕೊಂಡದ್ದು ಹೊರಗೆ ಬಂದಿರುತ್ತಿತ್ತು.

"ನೀನು ನೋಡಿಲ್ಲ. ನಾನು ನೋಡಿದ್ದೀನಿ," ಅಂದಳು. "ಸಂಜೆ ಅಂಗಡಿ ಮುಚ್ಚಿ ಬಂದು ಅವಳ ಕಾಲ ಹತ್ರ ಕೂರ್ತಿದ್ನಲ್ಲ. ನನಗೆ ಅಲ್ಲಿ ಬೇರೆ ಏನು ಕೆಲಸ ಇತ್ತು? ಮುಖ ನೋಡೋದೇ ನನ್ನ ಕಸುಬು. ಅಮ್ಮನ ಹಾಸಿಗೆ ಕಿಟಕಿ ಪಕ್ಕ ಇತ್ತು, ಸಂಜೆ ಬಿಸಿಲು ಆ ಕಡೆಯಿಂದ ಬರ್ತಿತ್ತು. ನೀನು ಈ ಕಡೆ ನಿಲ್ತಿದ್ದೆ, ಬಿಳಿ ಯೂನಿಫಾರ್ಮ್ ಹಾಕ್ಕೊಂಡು. ನೀನು ಬಗ್ಗಿದ ಕೂಡಲೇ ಅವಳು ಕಿಟಕಿ ಬಿಟ್ಟು ನಿನ್ನ ಕಡೆ ತಿರುಗ್ತಿದ್ಲು. ಪ್ರತಿ ಸಲ. ನಿನ್ನ ಬಟ್ಟೆ ಬೆಳಕು ಅವಳ ಮುಖದ ಮೇಲೆ ಬೀಳ್ತಿತ್ತು. ಇಲ್ಲಿ ಕೆನ್ನೆ ಮೇಲಿದೆಯಲ್ಲ, ಇದೇ ಬೆಳಕು. ನೀನು ಮೇಲೆ ಬಾಟಲಿ ನೋಡ್ತಿದ್ದೆ, ಅವಳು ಕೆಳಗಿಂದ ನಿನ್ನನ್ನ ನೋಡ್ತಿದ್ಲು."

"ನಗ್ತಿದ್ಲಾ?"

ಹೂಂ ಅಂದುಬಿಡುವುದು ಸುಲಭವಿತ್ತು. ಎಲ್ಲರ ಮುಖಕ್ಕೂ ಇಲ್ಲದ್ದನ್ನು ಸೇರಿಸಿ ಬದುಕುವವಳಿಗೆ ಅದೇನು ಮಹಾ ಕೆಲಸ. ಬಾಯಿಗೆ ಬಂದೇ ಬಿಟ್ಟಿತ್ತು, ತಡೆದುಕೊಂಡಳು.

"ನಗೋ ಅಷ್ಟು ಶಕ್ತಿ ಎಲ್ಲಿತ್ತು ಅವಳಿಗೆ. ನೀನು ಮುಂದಿನ ಹಾಸಿಗೆಗೆ ಹೋಗೋವರೆಗೂ ನೋಡ್ತಿದ್ಲು. ನೀನು ಹೋದ ಮೇಲೂ ನೀನು ನಿಂತಿದ್ದ ಜಾಗವನ್ನೇ ನೋಡ್ತಿದ್ಲು. ನಾನು ಎದುರಿಗೇ ಕೂತಿದ್ದೀನಿ, ಅಮ್ಮ ಅಂತ ಕರೀತಿದ್ದೀನಿ, ಒಂದು ಸಲ ನನ್ನ ಕಡೆ ತಿರುಗಿದ್ರೆ ಕೇಳು. ಆಮೇಲೆ ನಿನಗೆ ಅವಳ ಮುಖ ಸಿಗಲಿಲ್ಲ ಅಂತ ನನ್ನ ಹತ್ರ ಬಂದು ಅಳ್ತೀಯಲ್ಲ, ನಾನು ಯಾರ ಹತ್ರ ಹೋಗಲಿ? ನಾನೂ ಅವಳ ಮಗಳೇ ತಾನೆ."

ಹೇಳಿಬಿಟ್ಟ ಮೇಲೆ ಅವಳಿಗೇ ನಾಚಿಕೆಯಾಯಿತು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದಳು. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದಳು.

ಅಕ್ಕ ಕಂಪ್ಯೂಟರಿನ ಕಡೆಗೆ ಬೆನ್ನು ಹಾಕಿ, ಸ್ಟೂಲಿನ ಮೇಲೇ ಪೂರ್ತಿ ಅವಳ ಕಡೆ ತಿರುಗಿದಳು. ತಂಗಿಯ ಮುಖವನ್ನೇ ನೋಡುತ್ತಾ ಕೂತಳು. ಎಷ್ಟು ಹೊತ್ತು ಅಂದರೆ, ಇನ್ನೊಬ್ಬರ ಮುಖ ನೋಡಿ ನೋಡಿ ಬದುಕಿದ ತಂಗಿಗೆ ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ.

"ದಿನಾ ಬರ್ತಿದ್ದೆ ಅಲ್ವಾ ನೀನು," ಅಂದಳು ಅಕ್ಕ. "ನಿನಗೆ ಒಂದು ಲೋಟ ಟೀ ಕೊಟ್ಟ ನೆನಪೂ ನನಗಿಲ್ಲ."

"ಕೊಟ್ಟಿಲ್ಲ."

"ಕೇಳಬಾರದಿತ್ತಾ?"

"ನಿನ್ನನ್ನ ಕೇಳಿ ಬದುಕಿದವರು ಯಾರಿದ್ದಾರೆ?"

ಅಕ್ಕ ಕೈ ಚಾಚಿ ತಂಗಿಯ ಕನ್ನಡಕ ಕಿತ್ತುಕೊಂಡು, ತಾನೇ ಒರೆಸಿ, ಅವಳ ಮೂಗಿನ ಮೇಲೆ ಸರಿಯಾಗಿ ಕೂರಿಸಿದಳು. ಆಮೇಲೆ ಮತ್ತೆ ಫೋಟೋದ ಕಡೆ ತಿರುಗಿದಳು.

"ಅವರೂ ಇರಲಿ ಬಿಡು," ಅಂದಳು. "ಎರಡು ಮಾಡು. ಒಂದು ನಿನ್ನ ಮನೆಗೆ."

ತಂಗಿ ಮೂಗು ಒರೆಸಿಕೊಂಡು ಮೌಸ್ ಹಿಡಿದಳು. ಪ್ರಿಂಟಿಗೆ ಕಳಿಸುವ ಮುಂಚೆ ಫೋಟೋವನ್ನು ಮೂಲೆಯಿಂದ ಮೂಲೆಗೆ ಒಮ್ಮೆ ಪೂರ್ತಿ ನೋಡಿದಳು. ಭಾವನ ಅಂಗಿಯ ಮೇಲೆ ಹಳೆಯ ಫಿಲ್ಮಿನ ಒಂದು ಧೂಳಿನ ಚುಕ್ಕೆ ಕಂಡಿತು, ಅದನ್ನು ಅಳಿಸಿದಳು.